ಹಿತ್ತಲ ಹಿಂದೆ ಟ್ಯಾಕ್ಸ್ ಕ್ರೆಡಿಟ್ ಅಪಾರ್ಟ್‌ಮೆಂಟ್ ಬರುತ್ತಿದೆ, ವಿರೋಧದ ಅರ್ಜಿಗೆ ಸಹಿ ಹಾಕಲೇ?

ಪ್ರಶ್ನೆ: ಸರ್, ನಾವು ಡಾಲಸ್‌ನ ಉತ್ತರಕ್ಕೆ ಕಾಲಿನ್ ಕೌಂಟಿಯಲ್ಲಿದ್ದೇವೆ. 2021ರಲ್ಲಿ ಮನೆ ಕೊಂಡೆವು, ಸಾಲ ಇನ್ನೂ ಬಹುಪಾಲು ಹಾಗೇ ಇದೆ. ಮಗಳಿಗೆ 7 ವರ್ಷ. ನಮ್ಮ ಹಿತ್ತಲ ಬೇಲಿಯ ಆಚೆ ಖಾಲಿ ಜಾಗ ಇದೆ, ಅಲ್ಲಿ 180 ಮನೆಗಳ ಟ್ಯಾಕ್ಸ್ ಕ್ರೆಡಿಟ್ ಅಪಾರ್ಟ್‌ಮೆಂಟ್ ಬರುತ್ತದಂತೆ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ದಿನಾ ಇದೇ ಮಾತು. ಮನೆ ಬೆಲೆ ಬೀಳುತ್ತೆ, ಶಾಲೆ ಕೆಡುತ್ತೆ, ಕಳ್ಳತನ ಜಾಸ್ತಿ ಆಗುತ್ತೆ ಅಂತ. ಒಬ್ಬರು ‘ಅಂಥವರು ಬಂದರೆ ನಾವು ಹೊರಡೋದೇ’ ಅಂತ ಬರೆದರು, ನನಗೆ ಅದು ಹಿಡಿಸಲಿಲ್ಲ. ಇನ್ನೊಬ್ಬರ ವಾದ ಬೇರೆ. ಇಂಥ ಮನೆಗಳೇ ಬಡವರನ್ನು ಒಂದೇ ಕಡೆ ಗುಡ್ಡೆ ಹಾಕಿ ಪ್ರತ್ಯೇಕ ಕೇರಿ ಮಾಡುತ್ತವೆ, ಡಾಲಸ್‌ನ ಕೇಸೇ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಹಾಗಾಗಿ ವಿರೋಧಿಸೋದೇ ನ್ಯಾಯ ಅನ್ನುತ್ತಾರೆ. ಮುಂದಿನ ತಿಂಗಳು ಸಿಟಿ ಕೌನ್ಸಿಲ್ ಸಭೆ. ಅರ್ಜಿಗೆ ಸಹಿ ಹಾಕಲೋ ಬೇಡವೋ? ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಾಣುತ್ತದೆ. ಒಂದು, ದುಡಿದ ದುಡ್ಡೆಲ್ಲ ಹಾಕಿ ಕೊಂಡ ಮನೆ ಮತ್ತು ಮಗಳ ಶಾಲೆ. ಇನ್ನೊಂದು, ಗೊತ್ತಿಲ್ಲದೆ ತಪ್ಪು ಕೆಲಸಕ್ಕೆ ಸಹಿ ಹಾಕಿಬಿಡುತ್ತೇನಾ ಅನ್ನೋದು. ಎರಡೂ ನಿಜವಾದ ಚಿಂತೆಗಳೇ. ನಾನು ಟೆಕ್ಸಾಸ್‌ನಲ್ಲಿ ಇಂಥ ಯೋಜನೆಗಳ ಹಣಕಾಸಿನ ಲೆಕ್ಕ ಹಾಕಿ ಅರ್ಜಿ ತಯಾರಿಸುವ ಕೆಲಸ ಮಾಡುತ್ತೇನೆ. ಅಂದರೆ ಇವು ಬಂದರೆ ನನ್ನಂಥವರಿಗೆ ಕೆಲಸ. ಅದು ನೆನಪಿರಲಿ, ಅದನ್ನು ಇಟ್ಟುಕೊಂಡೇ ಓದಿ.

ಮೊದಲು ಇದು ಏನಲ್ಲ ಅಂತ ಹೇಳಿಬಿಡುತ್ತೇನೆ. ಇದು ಸರ್ಕಾರ ಕಟ್ಟಿ ಸರ್ಕಾರ ನಡೆಸುವ ಮನೆ ಅಲ್ಲ. ಸಿನಿಮಾದಲ್ಲಿ ನೋಡುವ ಷಿಕಾಗೋದ ಆ ಎತ್ತರದ ಕಟ್ಟಡಗಳು ಪಬ್ಲಿಕ್ ಹೌಸಿಂಗ್, ಅದು ಬೇರೆ ಕಥೆ. ಟ್ಯಾಕ್ಸ್ ಕ್ರೆಡಿಟ್ ಶುರುವಾದದ್ದು 1986ರಲ್ಲಿ, ರೇಗನ್ ಕಾಲದ ದೊಡ್ಡ ತೆರಿಗೆ ಸುಧಾರಣೆಯ ಒಳಗೆ. ಕಟ್ಟುವವನು ಖಾಸಗಿ ಡೆವಲಪರ್. ಅವನಿಗೆ ಸರ್ಕಾರ ನೇರ ದುಡ್ಡು ಕೊಡುವುದಿಲ್ಲ, 10 ವರ್ಷ ಕಾಲ ಫೆಡರಲ್ ತೆರಿಗೆಯಲ್ಲಿ ಕಡಿತ ಪಡೆಯುವ ಹಕ್ಕು ಕೊಡುತ್ತದೆ. ಆ ಹಕ್ಕನ್ನು ಅವನು ಬ್ಯಾಂಕ್‌ಗಳಂಥ ದೊಡ್ಡ ತೆರಿಗೆದಾರರಿಗೆ ಮಾರಿ, ಬಂದ ಹಣದಲ್ಲಿ ಕಟ್ಟುತ್ತಾನೆ. ಅದಕ್ಕೆ ಬದಲಾಗಿ ಕನಿಷ್ಠ 30 ವರ್ಷ ಬಾಡಿಗೆಗೆ ಮಿತಿ ಇರುತ್ತದೆ. ಷರತ್ತು ಮುರಿದರೆ ಮೊದಲ 15 ವರ್ಷದೊಳಗೆ ಹೂಡಿಕೆದಾರರಿಂದ ಕ್ರೆಡಿಟ್ ವಾಪಸ್ ವಸೂಲಿ ಮಾಡಬಹುದು. ಹಾಗಾಗಿ ಆ ಬ್ಯಾಂಕಿನವರೇ ಕಟ್ಟಡ ಹೇಗಿದೆ, ಬಾಡಿಗೆದಾರರ ಕಾಗದಪತ್ರ ಸರಿಯಿದೆಯಾ ಅಂತ ಕಣ್ಣಿಟ್ಟಿರುತ್ತಾರೆ. ಇವತ್ತು ಅಮೆರಿಕದಲ್ಲಿ ಕಡಿಮೆ ಬಾಡಿಗೆಯ ಹೊಸ ಮನೆ ಅಂತ ಏನು ಕಟ್ಟುತ್ತಾರೋ ಅದರಲ್ಲಿ ಬಹುಪಾಲು ಬರುವುದು ಈ ದಾರಿಯಲ್ಲೇ.

ಯಾರು ಬರುತ್ತಾರೆ? ಡಾಲಸ್ ಪ್ರದೇಶದಲ್ಲಿ ಸರ್ಕಾರ ಲೆಕ್ಕಕ್ಕೆ ಹಿಡಿಯುವ ಮಧ್ಯಮ ಕುಟುಂಬ ಆದಾಯ 2024ರಲ್ಲಿ ಸುಮಾರು 1,10,000 ಡಾಲರ್ ಇತ್ತು. ಸಾಮಾನ್ಯ ಮಿತಿ ಅದರ ಶೇ. 60, ಅಂದರೆ ನಾಲ್ಕು ಜನರ ಮನೆಗೆ 66,000 ಡಾಲರ್ ಹತ್ತಿರ. ಎರಡು ಬೆಡ್‌ರೂಮಿಗೆ ಗರಿಷ್ಠ ಬಾಡಿಗೆ ಸುಮಾರು 1,500 ಡಾಲರ್. ಇದು ಏನೂ ಇಲ್ಲದವರ ಬಾಡಿಗೆ ಅಲ್ಲ ನೋಡಿ. ನಾನು ತೆಗೆದು ನೋಡುವ ಬಾಡಿಗೆದಾರರ ಫೈಲ್‌ಗಳಲ್ಲಿ ಏನಿರುತ್ತದೆ ಗೊತ್ತಾ? ಸಂಬಳದ ಚೀಟಿಗಳು, ಕೆಲಸ ಕೊಟ್ಟವರ ಸಹಿ ಇರುವ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಮಗುವಿಗೆ ಮಾಜಿ ಗಂಡ ಕೊಡುವ ದುಡ್ಡಿನ ಕೋರ್ಟ್ ಆದೇಶ, ಕ್ರೆಡಿಟ್ ತಪಾಸಣೆ. ಕೆಲಸದ ಕಾಲಂನಲ್ಲಿ ಡೇಕೇರ್ ಸಹಾಯಕಿ, ಆಸ್ಪತ್ರೆಯಲ್ಲಿ ರಕ್ತ ತೆಗೆಯುವವರು, ಅಂಗಡಿ ಕ್ಯಾಷಿಯರ್, ಶಾಲಾ ಬಸ್ ಡ್ರೈವರ್. ನಿಮ್ಮ ಮಗಳ ಶಾಲೆಯ ಸಹಾಯಕಿ ಈಗ ಎಲ್ಲಿಂದ ಗಾಡಿ ಓಡಿಸಿಕೊಂಡು ಬರುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. ಸಂಬಳ ಇನ್ನೂ ಕಡಿಮೆ ಇರುವವರೂ ಬರುತ್ತಾರೆ, ಅವರ ಕೈಯಲ್ಲಿ ಸಾಮಾನ್ಯವಾಗಿ ಬಾಡಿಗೆ ವೌಚರ್, ಅಂದರೆ ಬಾಡಿಗೆಯ ಒಂದು ಪಾಲನ್ನು ಸರ್ಕಾರ ಕಟ್ಟುವ ಚೀಟಿ, ಇರುತ್ತದೆ. ಟ್ಯಾಕ್ಸ್ ಕ್ರೆಡಿಟ್ ಕಟ್ಟಡದ ಮಾಲೀಕ ‘ವೌಚರ್ ಇದ್ದವರಿಗೆ ಕೊಡೋದಿಲ್ಲ’ ಅನ್ನುವಂತಿಲ್ಲ, ಅದು ಫೆಡರಲ್ ನಿಯಮ. ಟೆಕ್ಸಾಸ್‌ನ ಬೇರೆ ಮಾಲೀಕರಿಗೆ ಈ ಕಟ್ಟು ಇಲ್ಲ. ವೌಚರ್ ಇದ್ದವರನ್ನು ನಿರಾಕರಿಸುವುದನ್ನು ನಿಷೇಧಿಸಲು ಆಸ್ಟಿನ್ ನಗರ ಹೊರಟಾಗ, 2015ರಲ್ಲಿ ರಾಜ್ಯವೇ ಕಾನೂನು ತಂದು ಅಡ್ಡ ಹಾಕಿತು.

ಈಗ ನಿಮ್ಮ ಎರಡನೇ ನೆರೆಯವರ ವಾದ. ಅದರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅದನ್ನು ಬಿಡಿಸಿ ಹೇಳಬೇಕು.

ಡಾಲಸ್‌ನ ಕೇಸ್ ಹೀಗಿದೆ. ಇನ್‌ಕ್ಲೂಸಿವ್ ಕಮ್ಯುನಿಟೀಸ್ ಪ್ರಾಜೆಕ್ಟ್ ಅನ್ನುವ ಸಂಸ್ಥೆ ವೌಚರ್ ಇರುವ ಕುಟುಂಬಗಳಿಗೆ, ಹೆಚ್ಚಾಗಿ ಕಪ್ಪು ಕುಟುಂಬಗಳಿಗೆ, ಒಳ್ಳೆಯ ಶಾಲೆ ಇರುವ ಉಪನಗರಗಳಲ್ಲಿ ಮನೆ ಹುಡುಕಿಕೊಡುತ್ತಿತ್ತು. ಸಿಗುತ್ತಿರಲಿಲ್ಲ. ಕೊನೆಗೆ ಅವರು ಟೆಕ್ಸಾಸ್‌ನ ವಸತಿ ಇಲಾಖೆಯ ಮೇಲೇ ಕೇಸ್ ಹಾಕಿದರು. ಅವರು ಕೋರ್ಟಿನ ಮುಂದಿಟ್ಟ ಲೆಕ್ಕ ನೋಡಿ. 1999ರಿಂದ 2008ರವರೆಗೆ, ಬಿಳಿಯರು ಶೇ. 10ಕ್ಕಿಂತ ಕಡಿಮೆ ಇರುವ ಕಡೆ, ವೃದ್ಧರಿಗಲ್ಲದ ಮನೆಗಳ ಪ್ರಸ್ತಾವಗಳಲ್ಲಿ ಶೇ. 49.7ಕ್ಕೆ ಕ್ರೆಡಿಟ್ ಸಿಕ್ಕಿತ್ತು. ಬಿಳಿಯರು ಶೇ. 90ಕ್ಕಿಂತ ಜಾಸ್ತಿ ಇರುವ ಕಡೆ ಶೇ. 37.4ಕ್ಕೆ ಮಾತ್ರ. ಡಾಲಸ್ ನಗರದ ಒಳಗೆ ಇಂಥ ಮನೆಗಳಲ್ಲಿ ಶೇ. 92ಕ್ಕೂ ಜಾಸ್ತಿ ಇದ್ದದ್ದು ಬಿಳಿಯರು ಅರ್ಧಕ್ಕಿಂತ ಕಡಿಮೆ ಇರುವ ಪ್ರದೇಶಗಳಲ್ಲೇ. 2015ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ತೀರ್ಪು ಕೊಟ್ಟಿತು. ಭೇದ ಮಾಡುವ ಉದ್ದೇಶ ಸಾಬೀತಾಗದಿದ್ದರೂ, ಒಂದು ನೀತಿಯ ಪರಿಣಾಮವೇ ಒಂದು ಜನಾಂಗದ ಮೇಲೆ ಹೆಚ್ಚು ಬಿದ್ದರೆ 1968ರ ಫೇರ್ ಹೌಸಿಂಗ್ ಕಾನೂನಿನಡಿ ಪ್ರಶ್ನಿಸಬಹುದು ಅಂತ. ಬರೆದದ್ದು ನ್ಯಾಯಮೂರ್ತಿ ಕೆನಡಿ. ಆದರೆ ಕೇಸ್ ಕೆಳಗಿನ ಕೋರ್ಟಿಗೆ ವಾಪಸ್ ಹೋದಾಗ, 2016ರಲ್ಲಿ ಆ ಸಂಸ್ಥೆ ಸೋತಿತು. ಇಲಾಖೆಯ ಯಾವ ನಿರ್ದಿಷ್ಟ ನೀತಿಯಿಂದ ಈ ಪರಿಣಾಮ ಆಯಿತು ಅಂತ ತೋರಿಸಿಲ್ಲ ಅಂದಿತು ಕೋರ್ಟ್. ಅಂದರೆ ಕಾನೂನಿನ ತತ್ವ ಗೆದ್ದಿತು, ಕೇಸ್ ಗೆಲ್ಲಲಿಲ್ಲ. ವಾಟ್ಸಾಪಿನಲ್ಲಿ ಈ ಎರಡನೇ ಭಾಗ ಬರುವುದಿಲ್ಲ.

ನಿಮ್ಮ ನೆರೆಯವರು ಎಲ್ಲಕ್ಕಿಂತ ಮುಖ್ಯವಾದದ್ದನ್ನೇ ಬಿಟ್ಟಿದ್ದಾರೆ. ಆ ಕೇಸಿನ ದೂರು ‘ಈ ಮನೆಗಳನ್ನು ಕಟ್ಟಬೇಡಿ’ ಅಂತ ಇರಲೇ ಇಲ್ಲ. ‘ನಿಮ್ಮಂಥ ಬಡಾವಣೆಗಳಲ್ಲಿ ಕಟ್ಟುತ್ತಿಲ್ಲ’ ಅಂತ ಇತ್ತು. ಆ ಕೇಸನ್ನು ಹಿಡಿದುಕೊಂಡು ನಿಮ್ಮ ಹಿತ್ತಲ ಹಿಂದಿನ ಯೋಜನೆಯನ್ನು ವಿರೋಧಿಸುವುದು ಪೂರ್ತಿ ಉಲ್ಟಾ.

ಹಾಗಾದರೆ ಒಂದೇ ಕಡೆ ಯಾಕೆ ಗುಡ್ಡೆಯಾಗುತ್ತವೆ? ಬಡವರೇ ಅಲ್ಲಿಗೆ ಹೋಗಲು ಬಯಸುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ಡೆವಲಪರ್ ಜಾಗ ಹುಡುಕುವಾಗ ಮೇಜಿನ ಮೇಲೆ ಏನಿರುತ್ತದೆ ಅಂತ ಹೇಳುತ್ತೇನೆ, ನೀವೇ ನೋಡಿ. ಒಂದು, ಕ್ವಾಲಿಫೈಡ್ ಸೆನ್ಸಸ್ ಟ್ರ್ಯಾಕ್ಟ್‌ಗಳ ನಕ್ಷೆ. ಬಡತನ ಶೇ. 25 ದಾಟಿದ ಅಥವಾ ಅರ್ಧದಷ್ಟು ಮನೆಗಳ ಆದಾಯ ಆ ಶೇ. 60ರ ಮಿತಿಯ ಕೆಳಗಿರುವ ಪ್ರದೇಶಗಳು ಅದರಲ್ಲಿ ಬಣ್ಣ ಹಾಕಿರುತ್ತವೆ. ಅಲ್ಲಿ ಕಟ್ಟಿದರೆ ಕ್ರೆಡಿಟ್ ಲೆಕ್ಕಕ್ಕೆ ಹಿಡಿಯುವ ಖರ್ಚನ್ನು ಶೇ. 30ರಷ್ಟು ಹೆಚ್ಚಿಸಿಕೊಳ್ಳಬಹುದು. ಲೆಕ್ಕಕ್ಕೆ ಬರುವ ಖರ್ಚು 30 ಮಿಲಿಯನ್ ಡಾಲರ್ ಅಂತ ಇಟ್ಟುಕೊಳ್ಳಿ. ಕ್ರೆಡಿಟ್‌ನಲ್ಲಿ ಶೇ. 4, ಶೇ. 9 ಅಂತ ಎರಡು ಬಗೆ. ಶೇ. 4ರ ಕ್ರೆಡಿಟ್ ಆದರೆ ವರ್ಷಕ್ಕೆ 1.2 ಮಿಲಿಯನ್, 10 ವರ್ಷಕ್ಕೆ 12 ಮಿಲಿಯನ್. ಬಣ್ಣ ಹಾಕಿದ ಪ್ರದೇಶದಲ್ಲಿ ಅದೇ ಕಟ್ಟಡಕ್ಕೆ 15.6 ಮಿಲಿಯನ್. ಎರಡು, ಝೋನಿಂಗ್ ನಕ್ಷೆ, ಅಂದರೆ ಎಲ್ಲಿ ಏನು ಕಟ್ಟಬಹುದು ಅಂತ ಸಿಟಿ ಗುರುತಿಸಿದ ನಕ್ಷೆ. ಅಪಾರ್ಟ್‌ಮೆಂಟ್ ಕಟ್ಟಲು ಅನುಮತಿ ಇರುವ ಜಾಗ ಹಳೆಯ ಬಡ ಪ್ರದೇಶದಲ್ಲಿ ಸಲೀಸಾಗಿ ಸಿಗುತ್ತದೆ. ಉಪನಗರದಲ್ಲಿ ಬಹುಪಾಲು ಒಂಟಿ ಮನೆಗಳಿಗೇ ಮೀಸಲು. ಡಾಲಸ್ ಪಕ್ಕದ ಸನ್ನಿವೇಲ್ ಅನ್ನುವ ಊರಿನಲ್ಲಿ ಅಪಾರ್ಟ್‌ಮೆಂಟಿಗೆ ನಿಷೇಧ, ಮನೆ ಕಟ್ಟಬೇಕಾದರೆ ಕನಿಷ್ಠ ಒಂದು ಎಕರೆ ಅಂತ ನಿಯಮ ಇತ್ತು. 2000ದಲ್ಲಿ ಫೆಡರಲ್ ಕೋರ್ಟ್ ಅದು ಜನಾಂಗೀಯ ಭೇದ ಅಂತ ಹೇಳಬೇಕಾಯಿತು. ಮೂರು, ಜಾಗದ ಬೆಲೆ. ನಾಲ್ಕನೆಯದು ಯಾವ ನಕ್ಷೆಯಲ್ಲೂ ಇರುವುದಿಲ್ಲ, ಆದರೆ ಎಲ್ಲರ ತಲೆಯಲ್ಲೂ ಇರುತ್ತದೆ: ಇಲ್ಲಿ ಗಲಾಟೆ ಮಾಡುವವರು ಯಾರು?

ಟೆಕ್ಸಾಸ್‌ನಲ್ಲಿ ಈ ನಾಲ್ಕನೆಯದಕ್ಕೆ ತೂಕ ಬಹಳ. ಶೇ. 9ರ ಕ್ರೆಡಿಟ್‌ಗೆ ಸ್ಪರ್ಧೆ ಇರುತ್ತದೆ, ಅಂಕ ಕೊಡುತ್ತಾರೆ. ಕೌನ್ಸಿಲ್‌ನ ಬೆಂಬಲ ನಿರ್ಣಯಕ್ಕೆ ಅಂಕ, ನೆರೆಹೊರೆ ಸಂಘದ ಪತ್ರಕ್ಕೆ ಅಂಕ, ರಾಜ್ಯ ಪ್ರತಿನಿಧಿಯ ಪತ್ರಕ್ಕೆ ಅಂಕ. ಸ್ಪರ್ಧೆಯಲ್ಲಿ ಒಂದೆರಡು ಅಂಕದಲ್ಲೇ ಯೋಜನೆ ಹೋಗಿಬಿಡುತ್ತದೆ. ನಿಮ್ಮದು 180 ಮನೆ ಅಂದಿರಿ, ಅಷ್ಟು ದೊಡ್ಡದಾದರೆ ಅದು ಬಹುಶಃ ಶೇ. 4ರ ಕ್ರೆಡಿಟ್ ಮತ್ತು ಬಾಂಡ್ (ಸರ್ಕಾರಿ ಸಂಸ್ಥೆಯ ಮೂಲಕ ಎತ್ತುವ ಸಾಲ) ಸೇರಿದ ಯೋಜನೆ. ಅದಕ್ಕೆ ಅಂಕದ ಸ್ಪರ್ಧೆ ಇಲ್ಲ, ಆದರೆ ‘ನಮ್ಮ ಆಕ್ಷೇಪ ಇಲ್ಲ’ ಅನ್ನುವ ಕೌನ್ಸಿಲ್ ನಿರ್ಣಯ ಬೇಕೇ ಬೇಕು. ಮುಂದಿನ ತಿಂಗಳ ಸಭೆ ಬಹುಶಃ ಅದಕ್ಕೇ. 2025ರ ಜುಲೈನ ಫೆಡರಲ್ ಕಾನೂನು ಖರ್ಚಿನಲ್ಲಿ ಇಂತಿಷ್ಟು ಪಾಲು ಬಾಂಡ್‌ನಿಂದ ಬರಬೇಕು ಅನ್ನುವ ಷರತ್ತನ್ನು ಶೇ. 50ರಿಂದ 25ಕ್ಕೆ ಇಳಿಸಿದೆ, ಹಾಗಾಗಿ ಇಂಥ ಯೋಜನೆಗಳು ಇನ್ನು ಮುಂದೆ ಜಾಸ್ತಿಯೇ ಬರುತ್ತವೆ.

ಇದೇ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ್ದು. ಕ್ರೆಡಿಟ್ ತಾನಾಗಿ ಯಾರನ್ನೂ ಬೇರೆ ಮಾಡುವುದಿಲ್ಲ. ‘ಬೇಡ’ ಅನ್ನುವ ಶಕ್ತಿ ಎಲ್ಲಿಯ ಜನಕ್ಕೆ ಇಲ್ಲವೋ ಅಲ್ಲಿಗೆ ಅದು ಹರಿಯುತ್ತದೆ. ವಕೀಲರನ್ನು ಇಡಬಲ್ಲ, ಸಂಜೆ 6ಕ್ಕೆ ಸಭೆಗೆ ಬರಬಲ್ಲ, ಪ್ರತಿನಿಧಿಗೆ ಪತ್ರ ಬರೆಯಬಲ್ಲ ಜನ ಇರುವ ಕಡೆಯಿಂದ ತಳ್ಳಿಸಿಕೊಂಡು ದಕ್ಷಿಣ ಡಾಲಸ್‌ನಂಥ ಕಡೆ ಸೇರುತ್ತದೆ. ಉಪನಗರಗಳು ಪೂರ್ತಿ ಬೇಡ ಅಂದವು ಅಂತಲೂ ಅಲ್ಲ. ವೃದ್ಧರ ಅಪಾರ್ಟ್‌ಮೆಂಟ್ ಆದರೆ ಸರಿ ಅಂದು ಒಪ್ಪಿಕೊಂಡವು, ಮಕ್ಕಳಿರುವ ಕುಟುಂಬದ್ದು ಬೇಡ ಅಂದವು. ಮೇಲಿನ ಕೇಸಿನಲ್ಲಿ ‘ವೃದ್ಧರಿಗಲ್ಲದ ಮನೆ’ ಅಂತ ಬೇರೆ ಲೆಕ್ಕ ಹಾಕಿದ್ದು ಅದಕ್ಕೇ.

ಹಾಗಂತ ಬಡ ಪ್ರದೇಶದಲ್ಲಿ ಕಟ್ಟುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಅಲ್ಲಿ ಇರುವವರಿಗೂ ಸೋರದ ಮನೆ ಬೇಕು, ತಲೆಮಾರಿನಿಂದ ಇದ್ದ ಚರ್ಚ್, ನೆಂಟರು ಬಿಟ್ಟು ಎಲ್ಲರೂ ಪ್ಲೇನೋದಂಥ ಉಪನಗರಕ್ಕೆ ಬರಬೇಕು ಅಂತಿಲ್ಲ. ಸ್ಟ್ಯಾನ್‌ಫರ್ಡ್‌ನ ರೆಬೆಕಾ ಡೈಮಂಡ್ ಮತ್ತು ಟಿಮ್ ಮೆಕ್ವೇಡ್ ಅವರ 2019ರ ಅಧ್ಯಯನದಲ್ಲಿ, ಬಡ ಪ್ರದೇಶದಲ್ಲಿ ಇಂಥ ಕಟ್ಟಡ ಬಂದಾಗ ಅದರ ಪಕ್ಕದ ಮನೆಗಳ ಬೆಲೆ ಶೇ. 6.5ರಷ್ಟು ಏರಿದ್ದು, ಅಪರಾಧ ಇಳಿದದ್ದು ಕಂಡಿತು. ತೀರ್ಪಿನಲ್ಲಿ ಕೆನಡಿ ಅವರೂ ಇದೇ ಮಾತು ಹೇಳಿದ್ದರು, ಹಳೆಯ ಪ್ರದೇಶ ಉದ್ಧಾರ ಮಾಡಿದರೂ ಕೇಸ್, ಉಪನಗರದಲ್ಲಿ ಕಟ್ಟಿದರೂ ಕೇಸ್ ಅನ್ನುವ ಇಕ್ಕಟ್ಟಿಗೆ ಇಲಾಖೆಗಳನ್ನು ತಳ್ಳಬಾರದು ಅಂತ. ತೊಂದರೆ ಇರುವುದು ಎಲ್ಲವೂ ಒಂದೇ ಕಡೆ ಆದಾಗ.

ಯಾಕೆ ತೊಂದರೆ ಅಂದರೆ, ಮಕ್ಕಳ ಕಾರಣಕ್ಕೆ. 1994ರಲ್ಲಿ ಬಾಲ್ಟಿಮೋರ್, ಬಾಸ್ಟನ್, ಷಿಕಾಗೋ, ಲಾಸ್ ಏಂಜಲೀಸ್, ನ್ಯೂಯಾರ್ಕ್‌ಗಳಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು. ಬಡ ಕುಟುಂಬಗಳಿಗೆ ಲಾಟರಿ ಎತ್ತಿ, ಬಡತನ ಕಡಿಮೆ ಇರುವ ಕಡೆ ಹೋಗಲು ವೌಚರ್ ಕೊಟ್ಟರು. ರಾಜ್ ಚೆಟ್ಟಿ ಮತ್ತು ಜೊತೆಗಾರರು ಆ ಮಕ್ಕಳು ದೊಡ್ಡವರಾದ ಮೇಲೆ ತೆರಿಗೆ ದಾಖಲೆ ತೆಗೆದು ನೋಡಿದರು. 13 ವರ್ಷಕ್ಕೆ ಮೊದಲೇ ಹೋದ ಮಕ್ಕಳು ಇಪ್ಪತ್ತರ ಮಧ್ಯಕ್ಕೆ ಬರುವ ಹೊತ್ತಿಗೆ ಶೇ. 31ರಷ್ಟು ಜಾಸ್ತಿ ದುಡಿಯುತ್ತಿದ್ದರು. ದೊಡ್ಡ ಮಕ್ಕಳಿಗೆ ಈ ಲಾಭ ಆಗಲಿಲ್ಲ. ನಿಮ್ಮ ಮಗಳ ವಯಸ್ಸಿನ ಇನ್ನೊಂದು ಮಗುವಿಗೆ ಬೇಲಿಯ ಈಚೆ ಬೆಳೆಯುವುದೋ ಆಚೆ ಎಲ್ಲೋ ಬೆಳೆಯುವುದೋ ಅನ್ನುವುದು ಸುಮ್ನೆ ವಿಳಾಸದ ವಿಷಯ ಅಲ್ಲ.

ಈಗ ನಿಮ್ಮ ಭಯಗಳು. ಬೆಲೆಯ ವಿಷಯದಲ್ಲಿ ನಾನು ಸಮಾಧಾನದ ಮಾತು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಅದೇ ಅಧ್ಯಯನದಲ್ಲಿ, ಆದಾಯ ಜಾಸ್ತಿ ಇದ್ದು ಬಿಳಿಯರೇ ಹೆಚ್ಚಿರುವ ಪ್ರದೇಶದಲ್ಲಿ, ಕಟ್ಟಡದಿಂದ ಮೈಲಿಯ ಹತ್ತನೇ ಒಂದು ಭಾಗದೊಳಗಿನ ಮನೆಗಳ ಬೆಲೆ ಶೇ. 2.5ರಷ್ಟು ಇಳಿದದ್ದೂ ಕಂಡಿದೆ. 6 ಲಕ್ಷ ಡಾಲರ್ ಮನೆಗೆ ಅದು 15,000. ನೀವು ಬೇಲಿ ಪಕ್ಕದವರು, ಆ ವೃತ್ತದ ಒಳಗೇ ಬರುತ್ತೀರಿ. ಇದು ಸರಾಸರಿ. ನ್ಯೂಜೆರ್ಸಿಯ ಮೌಂಟ್ ಲಾರೆಲ್‌ನಲ್ಲಿ ದಶಕಗಳ ಕೋರ್ಟ್ ಹೋರಾಟದ ನಂತರ 2000ದಿಂದ ಶುರುವಾಗಿ 140 ಮನೆ ಬಂದವು. ಅಲ್ಲಿ ಪ್ರಿನ್ಸ್‌ಟನ್‌ನ ಡಗ್ಲಸ್ ಮಾಸೀ ತಂಡ ನೋಡಿದಾಗ ಸುತ್ತಲಿನ ಬೆಲೆ, ಅಪರಾಧ, ತೆರಿಗೆ ಯಾವುದರಲ್ಲೂ ವ್ಯತ್ಯಾಸ ಸಿಗಲಿಲ್ಲ. ಮೂರು ವರ್ಷದಲ್ಲಿ ಮಾರುವ ಯೋಚನೆ ಇದ್ದರೆ ಆ ಶೇ. 2.5 ನಿಮಗೆ ನಿಜವಾದ ನಷ್ಟ. ಮಗಳು ಕಾಲೇಜಿಗೆ ಹೋಗುವವರೆಗೂ ಇರುವುದಾದರೆ, ಬಡ್ಡಿ ದರ ಮತ್ತು ಊರಿನ ಬೆಳವಣಿಗೆ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಅಲುಗಾಡಿಸುತ್ತವೆ.

ಶಾಲೆ ತುಂಬಿ ತುಳುಕುತ್ತದೆ ಅನ್ನುವುದನ್ನು ನಾನು ಪ್ರತಿ ಸಭೆಯಲ್ಲೂ ಕೇಳುತ್ತೇನೆ. ಅಪಾರ್ಟ್‌ಮೆಂಟಿನ ಒಂದು ಮನೆಯಿಂದ ಶಾಲೆಗೆ ಬರುವ ಮಕ್ಕಳು, ನಿಮ್ಮಂಥ ಒಂಟಿ ಮನೆಗಿಂತ ಸಾಮಾನ್ಯವಾಗಿ ಕಡಿಮೆ. ನಿಮ್ಮ ಪಕ್ಕದ ಪ್ಲೇನೋ ನೋಡಿ, ಮಕ್ಕಳು ಕಡಿಮೆಯಾಗಿ 2024ರಲ್ಲಿ ನಾಲ್ಕು ಶಾಲೆ ಮುಚ್ಚಲು ಶಾಲಾ ಮಂಡಳಿ ನಿರ್ಧರಿಸಿತು. ಮನೆ ಬೆಲೆ ಏರಿ ಚಿಕ್ಕ ಮಕ್ಕಳ ಕುಟುಂಬಗಳು ಬರಲಾಗದ್ದೂ ಅದಕ್ಕೆ ಒಂದು ಕಾರಣ. ನಿಮ್ಮ ಶಾಲೆಯ ಪರಿಸ್ಥಿತಿ ಬೇರೆ ಇರಬಹುದು, ಜಿಲ್ಲೆಯವರ ಬಳಿ ಅಂಕಿ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಕಳ್ಳತನದ ಮಾತಿಗೆ ಆಧಾರ ನನಗೆ ಎಲ್ಲೂ ಸಿಕ್ಕಿಲ್ಲ. ಕೆಟ್ಟದಾಗಿ ನಡೆಸುವ ಯಾವ ಅಪಾರ್ಟ್‌ಮೆಂಟ್ ಆದರೂ ತೊಂದರೆಯೇ, ದುಬಾರಿ ಬಾಡಿಗೆಯದ್ದೂ ಸೇರಿ. ಹಾಗಾಗಿ ನಡೆಸುವವರು ಯಾರು ಅನ್ನುವುದೇ ಕೇಳಬೇಕಾದ ಪ್ರಶ್ನೆ.

ಇನ್ನು ಸಹಿ. ಹಾಕುವುದು ನಿಮ್ಮ ಹಕ್ಕು, ಯಾರೂ ನಿಮ್ಮನ್ನು ಶಿಕ್ಷಿಸುವುದಿಲ್ಲ. ಆದರೆ ಆ ಅರ್ಜಿಯಲ್ಲಿ ಏನು ಬರೆದಿದೆ ಅಂತ ಸಾಲು ಸಾಲು ಓದಿ. ಹ್ಯೂಸ್ಟನ್‌ನಲ್ಲಿ ಗ್ಯಾಲರಿಯಾ ಹತ್ತಿರ ಫೌಂಟನ್ ವ್ಯೂ ಅಂತ 233 ಮನೆಗಳ ಯೋಜನೆ ಇತ್ತು. ಶಾಲೆ ತುಂಬುತ್ತದೆ, ನಮ್ಮ ಪ್ರದೇಶಕ್ಕೆ ಹೊಂದಲ್ಲ ಅಂತ ಜನ ಸೇರಿ ಕೂಗಾಡಿದರು. 2016ರಲ್ಲಿ ಮೇಯರ್ ಸಿಲ್ವೆಸ್ಟರ್ ಟರ್ನರ್ ಖರ್ಚು ಜಾಸ್ತಿ ಅಂತ ಹೇಳಿ ಕೈಬಿಟ್ಟರು. 2017ರ ಜನವರಿಯಲ್ಲಿ ಫೆಡರಲ್ ವಸತಿ ಇಲಾಖೆ ತನಿಖೆ ಮುಗಿಸಿ, ನಗರದ ನಿರ್ಧಾರದ ಹಿಂದೆ ಜನಾಂಗದ ಕಾರಣದ ವಿರೋಧ ಇತ್ತು, ಇದು ನಾಗರಿಕ ಹಕ್ಕು ಕಾನೂನಿನ ಉಲ್ಲಂಘನೆ ಅಂತ ಪತ್ರ ಬರೆಯಿತು. ಸಭೆಯಲ್ಲಿ ಆಡಿದ ಮಾತು, ಕಳಿಸಿದ ಇಮೇಲ್ ಎಲ್ಲವೂ ಸಾರ್ವಜನಿಕ ದಾಖಲೆ. ‘ಅಂಥವರು’ ಅನ್ನುವ ಮಾತಿನ ಕೆಳಗೆ ನಿಮ್ಮ ಹೆಸರು ಇರಬೇಕಾ ಅಂತ ಯೋಚಿಸಿ. ಇನ್ನೊಂದು ಅಪಾಯ ಇದೆ. ಯೋಜನೆ ಬಿದ್ದರೆ ಜಾಗ ಖಾಲಿ ಉಳಿಯುತ್ತದೆ ಅಂತ ಯಾರು ಹೇಳಿದರು? ಅಲ್ಲಿಯ ಝೋನಿಂಗ್ ಏನು ಅಂತ ಸಿಟಿಯ ಜಾಲತಾಣದಲ್ಲಿ ನೋಡಿ. ಅಪಾರ್ಟ್‌ಮೆಂಟಿಗೆ ಮೊದಲೇ ಅನುಮತಿ ಇದ್ದರೆ ನಾಳೆ ಮಿತಿಯಿಲ್ಲದ ಬಾಡಿಗೆಯದ್ದು ಬರುತ್ತದೆ, ಅದಕ್ಕೆ ನಿಮ್ಮನ್ನು ಯಾರೂ ಕೇಳುವುದಿಲ್ಲ.

ಒಂದು ಮಾತು, ನಮ್ಮವರಿಗೆ ಅಂತಲೇ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ‘ಬಿಳಿಯರು’ ಅಲ್ಲ ಅಂದಿತ್ತು. ಆ ಕಾಲದ ಎಷ್ಟೋ ಬಡಾವಣೆಗಳ ಕ್ರಯಪತ್ರದಲ್ಲಿ ಬಿಳಿಯರಿಗೆ ಮಾತ್ರ ಅಂತ ಬರೆದಿರುತ್ತಿತ್ತು. 1948ರಲ್ಲಿ ಕೋರ್ಟ್ ಅಂಥ ಷರತ್ತು ಜಾರಿ ಮಾಡುವಂತಿಲ್ಲ ಅಂದಿತು, 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, ಫೇರ್ ಹೌಸಿಂಗ್ ಕಾನೂನು ಬಂತು. ಜನಾಂಗದ ಜೊತೆಗೆ ಧರ್ಮ, ಹುಟ್ಟಿದ ದೇಶ ಕೂಡ ಅದರಲ್ಲಿ ಸೇರಿತು. ನೀವು 2021ರಲ್ಲಿ ಮನೆ ಕೊಂಡಾಗ ನಿಮ್ಮ ಮೂಲ ದೇಶ ನೋಡಿ ಯಾರೂ ಬಾಗಿಲು ಹಾಕುವಂತಿರಲಿಲ್ಲವಲ್ಲ, ಅದರ ಹಿಂದೆ ಇರುವುದು ಕಪ್ಪು ಜನರು ಬೀದಿಗಿಳಿದು ಗಳಿಸಿದ ಆ ಕಾನೂನು. ಇದನ್ನು ನಿಮ್ಮ ಗುಂಪಿನಲ್ಲಿ ಯಾರಾದರೂ ಹೇಳಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ.

ಸುಮ್ಮನಿರುವುದೂ ಒಂದು ದಾರಿ. ನೆರೆಯವರ ಜೊತೆ ಮನಸ್ತಾಪ ಇರುವುದಿಲ್ಲ. ಆದರೆ ಆಗ ಸಭೆಯಲ್ಲಿ ಕೌನ್ಸಿಲ್ ಕಿವಿಗೆ ಬೀಳುವುದು ಗುಂಪಿನ ಗಟ್ಟಿ ದನಿ ಒಂದೇ. ಬೆಂಬಲದ ಪತ್ರ ಬರೆದರೆ ಅದಕ್ಕೆ ಬೆಲೆ ಜಾಸ್ತಿ, ಪಕ್ಕದಲ್ಲೇ ಇರುವವರು ಬರೆಯುವುದು ಅಪರೂಪ. ಹಾಗೆ ಬರೆದವರಿಗೆ ಕೆಲವು ತಿಂಗಳು ಬೀದಿಯಲ್ಲಿ ಮಾತು ಬಿಟ್ಟದ್ದನ್ನೂ ನೋಡಿದ್ದೇನೆ, ಮನೆಯಲ್ಲಿ ಕೂತು ಮಾತಾಡಿಕೊಂಡು ಮಾಡಿ.

ನನ್ನನ್ನು ಕೇಳಿದರೆ, ಸಹಿ ಬೇಡ, ಸಭೆಗೆ ಹೋಗಿ ಕೇಳಿ. ಕಟ್ಟಡ ನಡೆಸುವ ಕಂಪನಿ ಯಾವುದು, ಅವರ ಹಳೆಯ ಕಟ್ಟಡ ಎಲ್ಲಿದೆ ಅಂತ ವಿಳಾಸ ತೆಗೆದುಕೊಂಡು ಒಂದು ಶನಿವಾರ ಹೋಗಿ ಕಸದ ತೊಟ್ಟಿ, ಪಾರ್ಕಿಂಗ್, ಆಟದ ಜಾಗ ನೋಡಿ ಬನ್ನಿ. ಮೂರು ಮಹಡಿಯ ಕಿಟಕಿ ನಿಮ್ಮ ಹಿತ್ತಲಿಗೆ ತೆರೆಯುತ್ತದಾ, ಬೇಲಿಯಿಂದ ಎಷ್ಟು ಅಡಿ ಬಿಡುತ್ತಾರೆ, ಮಳೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಇವು ಡೆವಲಪರ್ ಬದಲಾಯಿಸಬಲ್ಲ ವಿಷಯಗಳು. ಮರ ನೆಡುವುದು, ಕಟ್ಟಡವನ್ನು ಹಿಂದಕ್ಕೆ ಸರಿಸುವುದು, ಗೇಟ್ ಬೇರೆ ರಸ್ತೆಗೆ ತಿರುಗಿಸುವುದು ಎಲ್ಲ ಇಂಥ ಸಭೆಗಳಿಂದಲೇ ಆಗಿವೆ. ಬಸ್ ಬಗ್ಗೆಯೂ ಕೇಳಿ. ಫ್ರಿಸ್ಕೊ, ಮೆಕಿನಿ, ಆಲೆನ್‌ನಂಥ ಊರುಗಳು ಡಾಲಸ್‌ನ ಬಸ್-ರೈಲು ವ್ಯವಸ್ಥೆಯಲ್ಲೇ ಇಲ್ಲ. ಕಾರ್ ಕೆಟ್ಟರೆ ಅಲ್ಲಿಯ ಬಾಡಿಗೆದಾರರಿಗೆ ಕೆಲಸಕ್ಕೇ ಕುತ್ತು. ವಿರೋಧಿಸುವವರು ಇದನ್ನು ‘ಇಲ್ಲಿ ಬೇಡ’ ಅನ್ನಲು ಹೇಳುತ್ತಾರೆ. ನೀವು ಇದನ್ನು ಕೌನ್ಸಿಲ್ ಮುಂದೆ ಬೇಡಿಕೆಯಾಗಿ ಇಡಬಹುದು.

ಸಭೆಯ ಅಜೆಂಡಾ ಕೆಲವು ದಿನ ಮೊದಲು ಸಿಟಿಯ ಜಾಲತಾಣದಲ್ಲಿ ಬರುತ್ತದೆ. ಅದರಲ್ಲಿ ಇರುವುದು ‘ಆಕ್ಷೇಪ ಇಲ್ಲ’ ನಿರ್ಣಯವೋ, ಝೋನಿಂಗ್ ಬದಲಾವಣೆಯೋ ಅಂತ ಮೊದಲು ನೋಡಿ. ಝೋನಿಂಗ್ ಆದರೆ ಇನ್ನೂ ಒಂದೆರಡು ಸಭೆ ಇರುತ್ತದೆ, ನಿಮಗೆ ಅಂಚೆಯಲ್ಲಿ ನೋಟಿಸ್ ಕೂಡ ಬರಬೇಕು. ಮಾತಾಡಲು ಹೆಸರು ಕೊಡುವ ಚೀಟಿ ಬಾಗಿಲ ಹತ್ತಿರ ಇರುತ್ತದೆ, ಸಾಮಾನ್ಯವಾಗಿ ಒಬ್ಬರಿಗೆ ಮೂರು ನಿಮಿಷ. ಬರೆದುಕೊಂಡು ಹೋಗಿ.